ಉಗುರುಬೆಚ್ಚಗಿನ ಹಾಲು, ಆರು ಗಂಟೆಯ ಹಗಲು

ಡಿಸೆಂಬರ್ ತಿಂಗಳ ಮೂರನೆಯ ವಾರದಲ್ಲಿ ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಸೂರ್ಯೋದಯವಾಗುವುದು ಬೆಳಿಗ್ಗೆ ಸುಮಾರು 8 ಗಂಟೆ 45 ನಿಮಿಷಕ್ಕೆ. ಮಧ್ಯಾಹ್ನ ಮೂರು ಗಂಟೆ ಹೊಡೆಯುವ ಮೊದಲೇ ಸೂರ್ಯನು ಮುಳುಗಿರುತ್ತಾನೆ. ನಡುಹಗಲಿನಲ್ಲಿಯೂ ಅವನು ದಿಗಂತದಿಂದ ಏಳು ಡಿಗ್ರಿಯಷ್ಟೇ ಮೇಲೇರುತ್ತಾನೆ. ಅದೇ ದಿನ ಕಾಸರಗೋಡಿನ ಅಂಗಳದಲ್ಲಿ ಅವನ ಎತ್ತರ ಐವತ್ತು ಡಿಗ್ರಿಯನ್ನು ಮೀರಿರುತ್ತದೆ. ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಪಟ್ಟಣದಲ್ಲಂತೂ ಆ ದಿನಗಳಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹಿಮದ ಮೇಲೆ ನೀಲಿಯಾದ ಮಸುಕು ಬೆಳಕೊಂದು ಹರಡಿ, ಸ್ವಲ್ಪ ಹೊತ್ತಿನಲ್ಲಿಯೇ ಹಿಂದೆ ಸರಿಯುತ್ತದೆ. ಬೆಂಗಳೂರಿನಿಂದಲೋ ಸೊಲ್ಲಾಪುರದಿಂದಲೋ ಹೊರಟು, ಸ್ಟಾಕ್‌ಹೋಮಿನ ದೂರಸಂಪರ್ಕ ಉದ್ಯಮಕ್ಕೋ ಗೋಥೆನ್‌ಬರ್ಗಿನ ವಾಹನ ಕಾರ್ಖಾನೆಗೋ ಬಂದಿಳಿದ ಕುಟುಂಬಕ್ಕೆ ಮೊದಲ ಚಳಿಗಾಲದಲ್ಲಿ ಎದುರಾಗುವ ನಿಜವಾದ ಸಂಕಟ ಚಳಿಯಲ್ಲ, ಈ ಕತ್ತಲೆ.

ಚಳಿಗೆ ಉಪಾಯವಿದೆ. ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಬಟ್ಟೆಯಷ್ಟೇ ಇರುವುದು ಎಂಬ ಗಾದೆಯನ್ನು ಅಲ್ಲಿನವರು ಹೊಸಬರಿಗೆ ಮೊದಲ ವಾರದಲ್ಲಿಯೇ ಕಲಿಸುತ್ತಾರೆ. ಅವರ ಭಾಷೆಯಲ್ಲಿ ಹವೆಗೂ ಬಟ್ಟೆಗೂ ಪ್ರಾಸ ಕೂಡುತ್ತದೆ. ಶಿಶುವಿಹಾರದ ಮಕ್ಕಳು ಮೈತುಂಬ ಮುಚ್ಚುವ ಉಡುಪು ತೊಟ್ಟು ಹಿಮದಲ್ಲಿ ಉರುಳಾಡುತ್ತಾರೆ. ಹಸುಗೂಸುಗಳನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ಮನೆಯ ಹೊರಗೆಯೇ ನಿದ್ದೆ ಮಾಡಿಸುವುದು ಅಲ್ಲಿಯ ರೂಢಿ. ನೋಡಿದ ಭಾರತೀಯ ಅಜ್ಜಿಯರ ಎದೆ ಧಸಕ್ಕೆನ್ನುವುದೂ ಅಷ್ಟೇ ರೂಢಿ. ಮನೆಯೊಳಗೆ ಗೋಡೆಯ ಬಿಸಿನೀರಿನ ಕೊಳವೆಗಳು ಇಪ್ಪತ್ತು ಡಿಗ್ರಿಯ ಹಿತವಾದ ಶಾಖವನ್ನು ಕಾಯ್ದುಕೊಂಡಿರುತ್ತವೆ.

ಕತ್ತಲೆಗೆ ಅಂಥ ಸುಲಭ ಉಡುಪಿಲ್ಲ. ಮಕ್ಕಳು ಕತ್ತಲೆಯಲ್ಲಿ ಶಾಲೆಗೆ ಹೋಗಿ ಕತ್ತಲೆಯಲ್ಲಿ ಮರಳುತ್ತಾರೆ. ಉದ್ಯೋಗಕ್ಕೆ ಹೋಗುವವರಿಗೆ ಕಚೇರಿಯ ದೀಪ, ಸಹೋದ್ಯೋಗಿಗಳ ಮಾತು ಇರುತ್ತವೆ. ಗಂಡನ ಉದ್ಯೋಗದಿಂದಾಗಿ ದೇಶ ಬಿಟ್ಟು ಬಂದ ಹೆಂಡತಿಗೆ, ಅಥವಾ ಹೆಂಡತಿಯ ಉದ್ಯೋಗದಿಂದಾಗಿ ಬಂದ ಗಂಡನಿಗೆ, ಭಾಷೆಯಿಲ್ಲದ ಊರಿನಲ್ಲಿ ಮೂರನೆಯ ಮಹಡಿಯ ಮನೆಯೊಂದೇ ಪ್ರಪಂಚ. ಅವರಿಗೆ ಎಲ್ಲಕ್ಕಿಂತ ಕಠಿಣವಾದುದು ನವೆಂಬರ್: ಎಲೆಗಳು ಉದುರಿರುತ್ತವೆ, ಬೆಳಕನ್ನು ಇಮ್ಮಡಿಸುವ ಹಿಮ ಇನ್ನೂ ಬಿದ್ದಿರುವುದಿಲ್ಲ, ಮಳೆ ಮಾತ್ರ ಜಿನುಗುತ್ತಿರುತ್ತದೆ. ಫೋನಿನಲ್ಲಿ ತಾಯಿ “ಊಟ ಆಯ್ತಾ ಮಗಳೇ?” ಎಂದು ಕೇಳಿದರೆ, ಯಾವ ಹೊತ್ತಿನ ಊಟವೆಂದು ಕಿಟಕಿಯನ್ನು ನೋಡಿ ಹೇಳಲಾಗುವುದಿಲ್ಲ, ಗಡಿಯಾರವನ್ನೇ ನೋಡಬೇಕು. ಮಧ್ಯಾಹ್ನ ಸಿಕ್ಕಷ್ಟು ಬೆಳಕಿನಲ್ಲಿ ನಡೆದು ಬನ್ನಿ ಎಂಬುದು ಅಲ್ಲಿನವರೆಲ್ಲರ ಸಲಹೆ. ಹಾಲಿಗೆ ಡಿ ಜೀವಸತ್ತ್ವವನ್ನು ಸೇರಿಸುವುದು ಅಲ್ಲಿ ಕಾನೂನಿನಂತೆ ಕಡ್ಡಾಯ.

ಇಂಥ ಚಳಿಗಾಲವನ್ನು ಆ ದೇಶದ ಜನ ದಾಟುವ ಬಗೆಯಲ್ಲಿ ಎರಡು ಸಂಗತಿಗಳು ಹೊಸಬರ ಕಣ್ಣಿಗೆ ಬೇಗ ಬೀಳುತ್ತವೆ. ಒಂದು, ಕಿಟಕಿಯ ದೀಪ. ಕ್ರಿಸ್‌ಮಸ್ಸಿಗೆ ನಾಲ್ಕು ಭಾನುವಾರಗಳ ಮುಂಚೆ ಪ್ರತಿಯೊಂದು ಕಿಟಕಿಯಲ್ಲಿಯೂ ಕಾಗದದ ನಕ್ಷತ್ರವೋ ಏಳು ದೀಪಗಳ ತ್ರಿಕೋನದ ಕಂಬವೋ ಬೆಳಗತೊಡಗುತ್ತದೆ. ಪರದೆ ಎಳೆಯುವವರು ವಿರಳ. ದೀಪವು ಮನೆಯವರಿಗೆಷ್ಟೋ ಬೀದಿಯಲ್ಲಿ ಹೋಗುವವರಿಗೂ ಅಷ್ಟೇ. ಎರಡನೆಯದು, ಓವನ್.

ಬಾಡಿಗೆಯ ಸಣ್ಣ ಮನೆಯಲ್ಲಿಯೂ ಒಲೆಯ ಕೆಳಗೆ ಓವನ್ ಇದ್ದೇ ಇರುತ್ತದೆ. ಭಾರತದಿಂದ ಬಂದ ಮನೆಗಳಲ್ಲಿ ಮೊದಲ ಕೆಲವು ತಿಂಗಳು ಅದರ ಉಪಯೋಗ ಒಂದೇ: ಬಾಣಲೆ, ಕುಕ್ಕರಿನ ಮುಚ್ಚಳಗಳನ್ನು ತುಂಬಿಡುವುದು. ನಮ್ಮ ಅಡುಗೆ ಉರಿಯ ಮೇಲೆ ನಡೆಯುವಂಥದು. ಬೇಯಿಸುವುದು, ಹುರಿಯುವುದು, ಕರಿಯುವುದು, ಹಬೆಯಲ್ಲಿಡುವುದು. ನಾಲ್ಕೂ ಕಡೆಯಿಂದ ಒಣಶಾಖ ಬರುವ ಮುಚ್ಚಿದ ಪೆಟ್ಟಿಗೆಯಲ್ಲಿ ಅಡುಗೆ ಮಾಡುವ ಅಭ್ಯಾಸ ನಮ್ಮ ಮನೆಗಳಿಗಿಲ್ಲ. ಬ್ರೆಡ್ಡು, ಬನ್ನು, ಖಾರಿ ಬಿಸ್ಕತ್ತು ಬೇಕರಿಯ ಸರಕು. ಉತ್ತರ ಯುರೋಪಿನಲ್ಲಿ ಹಾಗಲ್ಲ. ಮನೆಯನ್ನು ಕಾಯಿಸುವ ಬೆಂಕಿಯೂ ರೊಟ್ಟಿ ಸುಡುವ ಬೆಂಕಿಯೂ ಅಲ್ಲಿ ಶತಮಾನಗಳ ಕಾಲ ಒಂದೇ ಆಗಿದ್ದುದರಿಂದ, ಚಳಿಗಾಲದಲ್ಲಿ ಸುಡುವುದೆಂದರೆ ಬದುಕಿಗೆ ಹತ್ತಿರವಾದ ಕೆಲಸ. ಈಗ ಬೆಂಕಿ ಹೋಗಿ ವಿದ್ಯುತ್ತು ಬಂದಿದೆ, ಅಭ್ಯಾಸ ಉಳಿದಿದೆ. ನಾಲ್ಕು ಗಂಟೆಯ ಕತ್ತಲಲ್ಲಿ ಮಹಡಿಯ ಮೆಟ್ಟಿಲು ಹತ್ತುವಾಗ ಯಾವುದೋ ಮುಚ್ಚಿದ ಬಾಗಿಲಿನ ಹಿಂದಿನಿಂದ ಬೆಣ್ಣೆ, ದಾಲ್ಚಿನ್ನಿ, ಏಲಕ್ಕಿಗಳ ಘಮ ಬರುತ್ತದೆ. ಬಾಗಿಲು ತೆರೆಯುವುದಿಲ್ಲ. ಪರಿಮಳಕ್ಕೆ ಆ ಕಟ್ಟುಪಾಡಿಲ್ಲ.

ಹೊಸದಾಗಿ ಬಂದ ಗೃಹಿಣಿಯು ಬಾಣಲೆಗಳನ್ನು ಹೊರತೆಗೆದು ಓವನನ್ನು ಒರೆಸುವುದು ಹೆಚ್ಚಾಗಿ ಈ ಪರಿಮಳದ ದೆಸೆಯಿಂದ. ಅಂಗಡಿಯಲ್ಲಿ ಐವತ್ತು ಗ್ರಾಮಿನ ಹಸಿ ಯೀಸ್ಟಿನ ಪುಟ್ಟ ಇಟ್ಟಿಗೆ ಸಿಗುತ್ತದೆ. ಸಿಹಿ ಹಿಟ್ಟಿಗೆ ಒಂದು ಬಗೆ, ಸಪ್ಪೆ ಬ್ರೆಡ್ಡಿಗೆ ಇನ್ನೊಂದು. ಅಲ್ಲಿಯ ಪಾಕವಿಧಿಗಳೆಲ್ಲ ಈ ಒಂದು ಇಟ್ಟಿಗೆಯ ಲೆಕ್ಕದಲ್ಲಿಯೇ ಹುಟ್ಟಿದವು. ಅಳತೆ ತೂಕದಲ್ಲಲ್ಲ, ಡೆಸಿಲೀಟರಿನಲ್ಲಿ. ನೂರು ಮಿಲಿಲೀಟರು ಹಿಡಿಯುವ ಚಿಕ್ಕ ಪಾತ್ರೆಯೊಂದು ಪ್ರತಿ ಮನೆಯಲ್ಲಿಯೂ ಇರುತ್ತದೆ. ಪಾವು, ಚಟಾಕುಗಳಲ್ಲಿ ಅಳೆದು ಬೆಳೆದ ಕೈಗೆ ಇದು ಹೊಸತೇನಲ್ಲ. ನಮ್ಮ ಅಜ್ಜಿಯರೂ ಅಕ್ಕಿಯನ್ನು ತೂಗಿದವರಲ್ಲ, ಅಳೆದವರು.

ದಾಲ್ಚಿನ್ನಿಯ ಸುರುಳಿ ಬನ್ನಿನ ಸಾಮಾನ್ಯ ಹದ ಹೀಗಿದೆ. ನೂರೈವತ್ತು ಗ್ರಾಂ ಬೆಣ್ಣೆಯನ್ನು ಕರಗಿಸಿ, ಅರ್ಧ ಲೀಟರು ಹಾಲು ಸೇರಿಸಿ, ಮೂವತ್ತೇಳು ಡಿಗ್ರಿಗೆ ಬಿಸಿ ಮಾಡಬೇಕು. ಪುಡಿ ಮಾಡಿದ ಯೀಸ್ಟಿನ ಮೇಲೆ ಅದನ್ನು ಹುಯ್ದು ಕರಗಿಸಿ, ಒಂದೂವರೆ ಡೆಸಿಲೀಟರು ಸಕ್ಕರೆ, ಅರ್ಧ ಚಹಾಚಮಚ ಉಪ್ಪು, ಎರಡು ಚಹಾಚಮಚ ಕುಟ್ಟಿದ ಏಲಕ್ಕಿ, ಹದಿನಾಲ್ಕು ಡೆಸಿಲೀಟರಿನಷ್ಟು, ಎಂದರೆ ಎಂಟುನೂರೈವತ್ತು ಗ್ರಾಮಿನ ಸುಮಾರು ಗೋಧಿಯ ಬಿಳಿಹಿಟ್ಟು ಹಾಕಿ ಹತ್ತು ನಿಮಿಷ ನಾದಬೇಕು. ಬಟ್ಟೆ ಮುಚ್ಚಿ ಅರ್ಧ ಗಂಟೆಗೂ ಮಿಕ್ಕಿ ಬಿಟ್ಟರೆ ಹಿಟ್ಟು ಇಮ್ಮಡಿಯಾಗುತ್ತದೆ. ಲಟ್ಟಿಸಿ, ಮೆತ್ತನೆಯ ಬೆಣ್ಣೆ ಸವರಿ, ಸಕ್ಕರೆ, ದಾಲ್ಚಿನ್ನಿ ಉದುರಿಸಿ, ಚಾಪೆಯಂತೆ ಸುತ್ತಿ, ಎರಡು ಬೆರಳಗಲಕ್ಕೆ ಕತ್ತರಿಸಿ, ಮತ್ತೆ ಅರ್ಧ ಗಂಟೆ ಉಬ್ಬಲು ಬಿಟ್ಟು, 225 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬೇಯಿಸಿದರೆ ನಲವತ್ತರ ಆಸುಪಾಸು ಬನ್ನುಗಳಾಗುತ್ತವೆ. ಹಿಟ್ಟಿಗೆ ಮೊಟ್ಟೆ ಬೀಳುವುದಿಲ್ಲ. ಮೇಲೆ ಹೊಳಪಿಗೆ ಸವರುವುದಷ್ಟೇ. ಮೊಟ್ಟೆ ಒಲ್ಲದ ಮನೆಯವರು ಹಾಲನ್ನೇ ಸವರುತ್ತಾರೆ, ಹೊಳಪು ತುಸು ಕಡಮೆ. ಇದನ್ನು ಇಲ್ಲಿಯೇ ಮಾಡಿನೋಡುವವರು ಹಸಿ ಯೀಸ್ಟಿನ ಬದಲು ಹನ್ನೆರಡರಿಂದ ಹದಿನಾಲ್ಕು ಗ್ರಾಂ ಒಣ ಯೀಸ್ಟನ್ನು ಬಳಸಬಹುದು. ನಮ್ಮ ಸೆಕೆಯಲ್ಲಿ ಹಿಟ್ಟು ಉಬ್ಬಲು ಅಷ್ಟು ಹೊತ್ತು ಬೇಡ.

ಮೊದಲ ಸಲ ಇದು ಸಾಮಾನ್ಯವಾಗಿ ಕೆಡುತ್ತದೆ. ಹಾಲು ಕುದಿಯುವಷ್ಟು ಬಿಸಿಯಾಗಿ ಯೀಸ್ಟು ಸತ್ತಿರುತ್ತದೆ. ಇಲ್ಲವೇ ಹಿಟ್ಟು ಕೈಗೆ ಅಂಟುತ್ತಿದೆಯೆಂದು ಚಪಾತಿಯ ಕಣಕದ ಹದ ಬರುವ ತನಕ ಹಿಟ್ಟು ಸುರಿದಿರುತ್ತಾರೆ. ಬನ್ನಿನ ಹಿಟ್ಟು ಅಂಟಬೇಕು. ಚಪಾತಿಯಲ್ಲಿ ಪಳಗಿದ ಕೈ ಇಲ್ಲಿ ಸ್ವಲ್ಪ ಮರೆಯಬೇಕಾಗುತ್ತದೆ. ಹಾಲಿನ ಬಿಸಿಯ ಬಗ್ಗೆಯಂತೂ ಅಲ್ಲಿಯ ಪುಸ್ತಕಗಳು ಒಂದೇ ಮಾತು ಹೇಳುತ್ತವೆ: ಫಿಂಗರ್‌ವಾರ್ಮ್, ಎಂದರೆ ಬೆರಳು ತಾಳುವಷ್ಟು ಬೆಚ್ಚಗೆ. ನಿಘಂಟಿನಲ್ಲಿ ಆ ಪದವನ್ನು ಹುಡುಕುವ ಕನ್ನಡತಿಗೆ ಉತ್ತರ ಮೊದಲೇ ತಿಳಿದಿರುತ್ತದೆ. ಹೆಪ್ಪು ಹಾಕುವ ಹಾಲು ಹೇಗಿರಬೇಕೆಂದು ತಾಯಿ ಹೇಳಿದ್ದು ಇದನ್ನೇ: ಉಗುರುಬೆಚ್ಚಗೆ. ಎರಡು ಭಾಷೆಗಳು ಒಂದನ್ನೊಂದು ಅರಿಯದೆ, ಉಷ್ಣಮಾಪಕವಿಲ್ಲದ ಕಾಲದಲ್ಲಿ ಒಂದೇ ಬೆರಳನ್ನು ಅದ್ದಿ ನೋಡಿವೆ. ಸ್ವೀಡಿಷ್ ಭಾಷೆ ತನಗೂ ಬರಬಹುದೆಂಬ ಧೈರ್ಯ ಹಲವರಿಗೆ ಇಂಥ ಕಡೆಯಿಂದಲೇ ಹುಟ್ಟುತ್ತದೆ. ಸರಕಾರ ಹೊಸಬರಿಗೆ ಉಚಿತವಾಗಿ ನಡೆಸುವ ಸ್ವೀಡಿಷ್ ತರಗತಿಯಲ್ಲಿ ವ್ಯಾಕರಣ ಕಲಿಯಬಹುದು. ಆದರೆ ನಾದು, ಉಬ್ಬು, ಲಟ್ಟಿಸು, ಸವರು ಎಂಬ ಕ್ರಿಯಾಪದಗಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿರುವಾಗ ಕಲಿತಷ್ಟು ಗಟ್ಟಿಯಾಗಿ ಪಾಟಿಯ ಮೇಲೆ ನಿಲ್ಲುವುದಿಲ್ಲ.

ಏಲಕ್ಕಿಯ ವಿಷಯ ಬೇರೆಯೇ. ಸ್ವೀಡಿಷರು ಅದನ್ನು ಕಾರ್ಡೆಮುಮ್ಮಾ ಎನ್ನುತ್ತಾರೆ, ಮತ್ತು ಉಳಿದ ಯುರೋಪಿನವರಂತಲ್ಲದೆ ಕೈತುಂಬ ಹಾಕುತ್ತಾರೆ. ವೈಕಿಂಗ್ ಯೋಧರು ಕಾನ್‌ಸ್ಟಾಂಟಿನೋಪಲ್ ನಗರದಿಂದ ತಂದರೆಂಬ ಕಥೆಯೊಂದು ಚಾಲ್ತಿಯಲ್ಲಿದೆ. ಕಥೆಗೆ ಇರುವ ಸೊಗಸು ಆಧಾರಕ್ಕಿಲ್ಲ. ಹೇಗೆ ಬಂದರೂ ಗಿಡ ಪಶ್ಚಿಮ ಘಟ್ಟದ್ದು. ವಯನಾಡಿನ, ಕೊಡಗಿನ, ಸಕಲೇಶಪುರದ ಮಳೆಕಾಡಿನ ನೆರಳು ಅದರ ತವರು. ಹಾವೇರಿಯಲ್ಲಿ ಅದನ್ನು ಪೋಣಿಸಿ ಹಾರ ಮಾಡುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ನೆಟ್ಟ ಮೇಲೆ ಈಗ ಜಗತ್ತಿನ ಮಾರುಕಟ್ಟೆಗೆ ಹೆಚ್ಚು ಏಲಕ್ಕಿ ಹೋಗುವುದು ಅಲ್ಲಿಂದ. ಹೀಗಾಗಿ ಸ್ಟಾಕ್‌ಹೋಮಿನ ಅಂಗಡಿಯಲ್ಲಿ ಕೊಂಡ ಏಲಕ್ಕಿ ನಮ್ಮ ಕಾಡಿನದಾಗಿರಬೇಕೆಂದಿಲ್ಲ. ಮೂಗಿಗೆ ಆ ವಿವರ ತಿಳಿಯುವುದಿಲ್ಲ. ಪಾಯಸದ, ಹೋಳಿಗೆಯ ಹೂರಣದ ವಾಸನೆ ಹಿಮದ ಊರಿನ ಅಪರಿಚಿತ ಮನೆಯೊಂದರಲ್ಲಿ ಎದುರಾದಾಗ ಕಣ್ಣು ತುಂಬಿಕೊಳ್ಳುವವರು ಒಬ್ಬಿಬ್ಬರಲ್ಲ.

ಡಿಸೆಂಬರ್ 13 ಲೂಸಿಯಾ ದಿನ. ಸಿಸಿಲಿಯ ಸಿರಕ್ಯೂಸ್ ಪಟ್ಟಣದ ಹುತಾತ್ಮ ಕನ್ಯೆಯೊಬ್ಬಳ ಹೆಸರಿನ ಈ ದಿನವನ್ನು ಹಳೆಯ ಜೂಲಿಯನ್ ಪಂಚಾಂಗದ ಕಾಲದಲ್ಲಿ ವರ್ಷದ ಅತಿ ದೀರ್ಘ ರಾತ್ರಿಯೆಂದು ಜನ ಎಣಿಸಿದ್ದರು. 1753ರಲ್ಲಿ ಪಂಚಾಂಗ ಬದಲಾಯಿತು, ಹಬ್ಬ ಕದಲಲಿಲ್ಲ. ಶಾಲೆಗಳಲ್ಲಿ ಬೆಳಗಿನ ಕತ್ತಲಲ್ಲಿಯೇ ತಂದೆತಾಯಂದಿರು ಬಂದು ಕೂರುತ್ತಾರೆ. ದೀಪಗಳನ್ನು ಆರಿಸಲಾಗುತ್ತದೆ. ಬಿಳಿಯ ನಿಲುವಂಗಿ ತೊಟ್ಟ ಮಕ್ಕಳ ಸಾಲು, ಮುಂದಿನವಳ ತಲೆಯ ಮೇಲೆ ದೀಪಗಳ ಕಿರೀಟ, ಹಾಡುತ್ತ ಒಳಗೆ ಬರುತ್ತದೆ. ಕಾರ್ತಿಕದ ದೀಪೋತ್ಸವವನ್ನು ಕಂಡು ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಹಾಡು ಮುಗಿದ ಮೇಲೆ ಹಂಚುವುದು ಕೇಸರಿಯ ಬನ್ನು, ಹೆಸರು ಲುಸ್ಸೆಕಾತ್. ಇಂಗ್ಲಿಷಿನ ಎಸ್ ಅಕ್ಷರದಂತೆ ಎರಡು ತುದಿಯನ್ನೂ ಸುತ್ತಿ, ಸುಳಿಗೊಂದು ಒಣದ್ರಾಕ್ಷಿ ಚುಚ್ಚಿದುದು. ಕೇಸರಿ ಅರ್ಧ ಗ್ರಾಮಿನ ಪೊಟ್ಟಣದಲ್ಲಿ ಬರುತ್ತದೆ. ಬೆಲೆಬಾಳುವುದರಿಂದ ಅನೇಕ ಅಂಗಡಿಗಳಲ್ಲಿ ಅದನ್ನು ಹಣ ಕಟ್ಟುವ ಕಡೆಯಲ್ಲಿ ಕೇಳಿ ಪಡೆಯಬೇಕು. ಒಂದು ಹದಕ್ಕೆ ಎರಡು ಪೊಟ್ಟಣ. ಸಕ್ಕರೆಯ ತುಂಡಿನೊಂದಿಗೆ ಕುಟ್ಟಾಣಿಯಲ್ಲಿ ಅರೆದು ಬೆಚ್ಚನೆಯ ಹಾಲಿಗೆ ಹಾಕಿದರೆ ಬಣ್ಣ ಬಿಡುತ್ತದೆ. ತುಸು ಹೆಚ್ಚು ಹೊತ್ತು ಓವನಿನಲ್ಲಿಟ್ಟರೆ ಬನ್ನು ಒಣಗಿ ಬಿರುಸಾಗುತ್ತದೆ, ಆದ್ದರಿಂದ ಗೃಹಿಣಿಯರು ಬಾಗಿಲ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಾಯುತ್ತಾರೆ.

ಇದೇ ಕಾಲದಲ್ಲಿ ಶುಂಠಿ, ದಾಲ್ಚಿನ್ನಿ, ಲವಂಗ ಹಾಕಿದ ತೆಳುವಾದ ಬಿಸ್ಕತ್ತುಗಳೂ ಆಗುತ್ತವೆ. ಹೆಸರಿನಲ್ಲಿ ಮೆಣಸಿದೆ, ಬಿಸ್ಕತ್ತಿನಲ್ಲಿ ಸಾಮಾನ್ಯವಾಗಿ ಇಲ್ಲ. ಅಂಗೈಯಲ್ಲಿಟ್ಟು ಬೆರಳಿನ ಗೆಣ್ಣಿನಿಂದ ಒತ್ತಿದಾಗ ಮೂರೇ ತುಂಡಾದರೆ ಮನಸ್ಸಿನಲ್ಲಿ ನೆನೆದದ್ದು ಆಗುತ್ತದಂತೆ. ಮಕ್ಕಳು ಆಗುವ ತನಕ ಮುರಿಯುತ್ತಲೇ ಇರುತ್ತಾರೆ.

ಇಷ್ಟೆಲ್ಲ ಬೆಣ್ಣೆ, ಸಕ್ಕರೆ, ಕೇಸರಿ ನೋಡಿ ಅದು ಸದಾ ಸಿರಿವಂತ ದೇಶವೆಂದು ತಿಳಿಯುವುದು ತಪ್ಪಾದೀತು. 1867ರಿಂದ ಮೊದಲಾದ ಕ್ಷಾಮದಲ್ಲಿ ಸ್ವೀಡನ್ನಿನ ಉತ್ತರದ ಜನ ಪೈನ್ ಮರದ ಒಳತೊಗಟೆಯನ್ನು ಒಣಗಿಸಿ, ಪುಡಿ ಮಾಡಿ, ಹಿಟ್ಟಿಗೆ ಬೆರೆಸಿ ರೊಟ್ಟಿ ಸುಟ್ಟರು. 1850ರಿಂದ 1930ರ ವರೆಗೆ ಹದಿಮೂರು ಲಕ್ಷದಷ್ಟು ಮಂದಿ ಅಮೆರಿಕಕ್ಕೆ ವಲಸೆ ಹೋದರು. ಇಂದು ಹೊಸಬರನ್ನು ಬರಮಾಡಿಕೊಳ್ಳುವ ನಾಡು ಮೂರು ನಾಲ್ಕು ತಲೆಮಾರಿನ ಹಿಂದೆ ತನ್ನವರನ್ನು ಹಡಗು ಹತ್ತಿಸಿ ಕಳುಹಿಸಿದ ನಾಡು.

ಆ ಬಡತನದ ಕಾಲದ ರೊಟ್ಟಿಗಳೇ ಅಲ್ಲಿಯ ನಿಜವಾದ ನಿತ್ಯಾಹಾರ, ಮತ್ತು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಓದುಗರಿಗೆ ಅವು ಬಹು ಪರಿಚಿತವೆನಿಸಿಯಾವು. ದಕ್ಷಿಣ ಸ್ವೀಡನ್ನಿನಲ್ಲಿ ರೈ ಧಾನ್ಯದ ಮೆತ್ತನೆಯ ಬ್ರೆಡ್ಡು. ನಡುನಾಡಿನಲ್ಲಿ ರೈಯ ಗರಿಗರಿ ರೊಟ್ಟಿ, ಕ್ನೆಕೆಬ್ರೋಡ್. ನಡುವೆ ತೂತಿರುವ ದುಂಡು ರೊಟ್ಟಿಗಳನ್ನು ಉದ್ದನೆಯ ಕೋಲಿಗೆ ಪೋಣಿಸಿ ಸೂರಿನ ಕೆಳಗೆ ನೇತುಹಾಕುತ್ತಿದ್ದರು, ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ರೈ ಮಾಗದ ಉತ್ತರದಲ್ಲಿ ಬಾರ್ಲಿಯ ತೆಳುರೊಟ್ಟಿ, ತುನ್‌ಬ್ರೋಡ್. ಊರಿನ ಹೆಂಗಸರು ರೊಟ್ಟಿ ಸುಡುವ ಗುಡಿಸಲಿನಲ್ಲಿ ಕೂಡಿ, ಮುಳ್ಳುಮುಳ್ಳಾದ ಲಟ್ಟಣಿಗೆಯಿಂದ ಕಾಗದದಂತೆ ಲಟ್ಟಿಸಿ, ಮೇಲಿನ ಹಿಟ್ಟನ್ನು ಕುಂಚದಿಂದ ಜಾಡಿಸಿ, ಉದ್ದನೆಯ ಮರದ ಪಟ್ಟಿಯಿಂದ ಎತ್ತಿ, ಸೌದೆಯ ಬೆಂಕಿಯ ಪಕ್ಕದ ಕಾದ ಕಲ್ಲಿನ ಮೇಲೆ ಹಾಸುತ್ತಾರೆ. ಒಬ್ಬಳು ಲಟ್ಟಿಸಿದರೆ ಇನ್ನೊಬ್ಬಳು ಸುಡುವವಳು, ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನದ ದುಡಿಮೆ, ಹಲವು ತಿಂಗಳ ಊಟ. ಜೋಳದ ಖಡಕ್ ರೊಟ್ಟಿಯನ್ನು ಬಡಿದು, ಸುಟ್ಟು, ಒಣಗಿಸಿ, ಅಡ್ಡಣಿಗೆಯ ಮೇಲೆ ಒಟ್ಟಿ, ಮದುವೆಗೂ ಜಾತ್ರೆಗೂ ಬುತ್ತಿಗೂ ಇಟ್ಟುಕೊಳ್ಳುವ ಮನೆಗಳಿಗೆ ಇದರ ತರ್ಕ ತಾನಾಗಿ ತಿಳಿಯುತ್ತದೆ. ಒಂದು ಕಡೆ ಸುಡುಬಿಸಿಲು, ಮತ್ತೊಂದು ಕಡೆ ಕೊರೆಯುವ ಒಣಚಳಿ. ಎರಡೂ ರೊಟ್ಟಿಯ ತೇವವನ್ನು ಹೀರಿ ಅದನ್ನು ಉಳಿಸುತ್ತವೆ. ಇಂದು ಸ್ವೀಡನ್ನಿನ ಎಲ್ಲ ಮಕ್ಕಳಿಗೂ ಶಾಲೆಯ ಮಧ್ಯಾಹ್ನದ ಊಟ ಉಚಿತ, ಮತ್ತು ತಟ್ಟೆಯ ಅಂಚಿನಲ್ಲಿ ಕ್ನೆಕೆಬ್ರೋಡಿನ ತುಂಡೊಂದು ಇರುವುದೇ ಹೆಚ್ಚು. ಕನ್ನಡದ ಮನೆಯ ಮಗು ಮೊದಲು ಒಪ್ಪಿಕೊಳ್ಳುವ ಅಲ್ಲಿಯ ತಿನಿಸೂ ಅನೇಕ ವೇಳೆ ಅದೇ.

ಓವನನ್ನು ಗೆದ್ದುಕೊಂಡ ಮೇಲೆ ಹೊಸಬರು ಅದಕ್ಕೆ ಇನ್ನೊಂದು ಕೆಲಸವನ್ನೂ ಕಲಿಸುತ್ತಾರೆ. ಇಪ್ಪತ್ತು ಡಿಗ್ರಿಯ ಮನೆಯಲ್ಲಿ ಇಡ್ಲಿಯ ಹಿಟ್ಟು ರಾತ್ರಿ ಕಳೆದರೂ ಹುದುಗುವುದಿಲ್ಲ. ಕಲ್ಲಿನಂತೆ ತಣ್ಣಗೆ ಕೂತಿರುತ್ತದೆ. ಓವನನ್ನು ಉರಿಸದೆ, ಒಳಗಿನ ಸಣ್ಣ ದೀಪವೊಂದನ್ನು ಮಾತ್ರ ಹಾಕಿ ಪಾತ್ರೆಯನ್ನು ಒಳಗಿಟ್ಟರೆ ಆ ದೀಪದ ಬಿಸಿಯೇ ಸಾಕು. ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಿ ಹುಳಿವಾಸನೆ ಬಂದಿರುತ್ತದೆ. ಅಕ್ಕಿ, ಉದ್ದಿನಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳಿಗೂ ಸ್ವೀಡಿಷರ ರೈ ಹುಳಿಹಿಟ್ಟಿನಲ್ಲಿ ಕೆಲಸ ಮಾಡುವವಕ್ಕೂ ದೂರದ ನಂಟಿದೆ, ಎರಡೂ ಹುಳಿ ಬರಿಸುವ ಬ್ಯಾಕ್ಟೀರಿಯಾದ ಬಳಗದವು. ಹುಳಿಹಿಟ್ಟಿನ ಮೂಲವನ್ನು ಅಲ್ಲಿನವರು ಗಾಜಿನ ಭರಣಿಯಲ್ಲಿ ಸಾಕಿ, ಕೇಳಿದವರಿಗೆ ಒಂದು ಚಮಚ ಕೊಡುತ್ತಾರೆ, ನಮ್ಮಲ್ಲಿ ಪಕ್ಕದ ಮನೆಗೆ ಹೆಪ್ಪು ಕೊಟ್ಟಂತೆ. ಸ್ವೀಡಿಷ್ ತರಗತಿಯ ಬೆಂಚಿನಲ್ಲಿ ಪಕ್ಕಕ್ಕೆ ಕೂತ ಎರಿಟ್ರಿಯಾದ ಹೆಂಗಸು ತನ್ನ ಇಂಜೆರಾ ಎಂಬ ಹುಳಿದೋಸೆಯ ಹಿಟ್ಟು ಚಳಿಯಲ್ಲಿ ಉಬ್ಬುವುದಿಲ್ಲವೆಂದು ಅಳಲು ತೋಡಿಕೊಂಡರೆ, ದೀಪದ ಉಪಾಯ ಅರೆಬರೆ ಸ್ವೀಡಿಷಿನಲ್ಲಿ ಅವಳಿಗೂ ದಾಟುತ್ತದೆ. ಪಠ್ಯಪುಸ್ತಕದಲ್ಲಿ ಇಲ್ಲದ ಸಂಭಾಷಣೆ ಅದು.

ಸ್ವೀಡಿಷರ ಮನೆಯ ಬಾಗಿಲು ತೆರೆಯುವುದು ಮಾತ್ರ ನಿಧಾನ. ಸುಮ್ಮನೆ ಹೋಗಿ ಬಾಗಿಲು ತಟ್ಟುವಂತಿಲ್ಲ. ಅಲ್ಲಿಯ ಜನರನ್ನು ಒಗ್ಗೂಡಿಸುವ ಸೇತುವೆ ಫಿಕಾ: ಕಾಫಿ, ಜೊತೆಗೊಂದು ಬನ್ನು, ಅರ್ಧ ಗಂಟೆಯ ಮಾತು. ಕಾಫಿಗಿದ್ದ ಕಾಫ್ಫಿ ಎಂಬ ಹಳೆಯ ರೂಪದ ಅಕ್ಷರಗಳನ್ನು ಹಿಂದುಮುಂದು ಮಾಡಿ ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ಚೇಷ್ಟೆಗೆ ಕಟ್ಟಿದ ಪದವಂತೆ ಅದು. ಹದಿನೆಂಟನೆಯ ಶತಮಾನದಲ್ಲಿ ಅರಸರು ಕಾಫಿಯನ್ನು ಒಂದಕ್ಕಿಂತ ಹೆಚ್ಚು ಸಲ ನಿಷೇಧಿಸಿ ಸೋತರು. ಕಾಫಿಗೆ ಕರೆದರೆ ಏಳು ಬಗೆಯ ಬಿಸ್ಕತ್ತು ಇಡಬೇಕೆಂಬುದು ಹಿಂದಿನ ಮರ್ಯಾದೆ. ಕಡಮೆಯಾದರೆ ಜಿಪುಣತನ, ಹೆಚ್ಚಾದರೆ ಬಡಾಯಿ. ಏಳು ಬಗೆಯ ಬಿಸ್ಕತ್ತು ಎಂಬ ಹೆಸರಿನದೇ ಒಂದು ಪುಸ್ತಕ 1945ರಲ್ಲಿ ಪ್ರಕಟವಾಗಿ ಇಂದಿಗೂ ಮನೆಮನೆಯಲ್ಲಿದೆ. ಹೊಸಬರ ಪಾಡೆಂದರೆ, ಏಳೂ ಬಗೆಯನ್ನು ಸುಡಲು ಕಲಿತರೂ ಏಳು ಎಂಬ ಸಂಖ್ಯೆಯನ್ನು ಸ್ವೀಡಿಷಿನಲ್ಲಿ ಉಚ್ಚರಿಸಲು ವರ್ಷ ಹಿಡಿಯುತ್ತದೆ. ಊದುತ್ತ ಹೇಳುವ ಆ ಧ್ವನಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಮಗು ಶಾಲೆಯಿಂದ ಬಂದು “ಹಾಗಲ್ಲ ಅಮ್ಮ” ಎಂದು ತಿದ್ದುತ್ತದೆ.

ಗ್ರಂಥಾಲಯಗಳೂ ಚರ್ಚುಗಳೂ ಭಾಷಾ ಕಾಫಿಕೂಟಗಳನ್ನು ನಡೆಸುತ್ತವೆ. ನಿವೃತ್ತರಾದ ಸ್ಥಳೀಯರು, ಸಿರಿಯಾದವರು, ಉಕ್ರೇನಿನವರು, ಭಾರತದವರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಅಲ್ಲಿಗೆ ಬರಿಗೈಯಲ್ಲಿ ಹೋಗಬಾರದೆಂದೇನೂ ನಿಯಮವಿಲ್ಲ, ಆದರೂ ನಮ್ಮವರ ಕೈ ಬರಿದಾಗಿರುವುದಿಲ್ಲ. ಸ್ವತಃ ಸುಟ್ಟ ಬನ್ನಿನ ಡಬ್ಬಿ ತೆರೆದಾಗ ಎದುರಿನ ಅಜ್ಜಿ ಒಂದನ್ನು ಮುರಿದು, ಒಳಗನ್ನು ನೋಡಿ, ಇನ್ನೂ ಐದು ನಿಮಿಷ ನಾದಬೇಕಿತ್ತು ಎನ್ನುತ್ತಾಳೆ. ಅದು ನಿಂದೆಯಲ್ಲ, ಅಪರಿಚಿತರಿಗೆ ಅಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

ಈ ಕೆಲಸ ಹೆಂಗಸರದೇ ಎಂಬ ಭಾವನೆಯನ್ನು ಹೊಸಬರು ಬೇಗ ಬಿಡಬೇಕಾಗುತ್ತದೆ. ಅಡುಗೆ ಮತ್ತು ಗೃಹಜ್ಞಾನ ಅಲ್ಲಿಯ ಶಾಲೆಯಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಕಡ್ಡಾಯದ ವಿಷಯ. ಹದಿಮೂರರ ಹುಡುಗ ಮನೆಗೆ ಬಂದು, ಹಿಟ್ಟನ್ನು ತಾನೇ ನಾದುತ್ತೇನೆಂದು ತಂದೆಯನ್ನು ಪಕ್ಕಕ್ಕೆ ಸರಿಸಿದ ಮನೆಗಳಿವೆ.

ಆ ಮೇಜಿನ ಸುತ್ತ ಯಾವ ಭಾಷೆ ಎಂಬುದು ಗಡಿಯಾಚೆಯ ಕನ್ನಡಿಗರಿಗೆ ಹೊಸ ಪ್ರಶ್ನೆಯಲ್ಲ. ಸ್ವೀಡನ್ನಿನಲ್ಲಿ 1977ರ ಸುಧಾರಣೆಯಿಂದ ಮನೆಮಾತನ್ನು ಶಾಲೆಯಲ್ಲಿ ಕಲಿಯುವ ಅವಕಾಶವಿದೆ. ತಂದೆತಾಯಿಯರಲ್ಲಿ ಒಬ್ಬರ ಮಾತೃಭಾಷೆ ಅದಾಗಿದ್ದು, ಮನೆಯಲ್ಲಿ ದಿನವೂ ಬಳಕೆಯಲ್ಲಿದ್ದು, ಮಗುವಿಗೆ ಅದರ ಮೂಲಜ್ಞಾನವಿದ್ದು, ಪೌರಾಡಳಿತದ ವ್ಯಾಪ್ತಿಯಲ್ಲಿ ಕನಿಷ್ಠ ಐವರು ಮಕ್ಕಳು ಕೇಳಿ, ಯೋಗ್ಯ ಶಿಕ್ಷಕರು ದೊರೆತರೆ ಪಾಠ ನಡೆಸಬೇಕು. ಕನ್ನಡಕ್ಕೂ ಇದೇ ನಿಯಮ. ಐವರು ಮಕ್ಕಳು ಸಿಕ್ಕಿ ಶಿಕ್ಷಕರು ಸಿಗದಿರಬಹುದು. ಸಿಕ್ಕರೂ ಸಾಮಾನ್ಯವಾಗಿ ವಾರಕ್ಕೊಂದು ಪಾಠ, ಅದೂ ಅನೇಕ ಕಡೆ ಶಾಲೆ ಬಿಟ್ಟ ಮೇಲಿನ ಕತ್ತಲಲ್ಲಿ. ಉಳಿದ ಆರು ದಿನಗಳ ಕನ್ನಡ ಅಡುಗೆಮನೆಯದು. “ಹಿಟ್ಟು ಉಬ್ಬಿದೆಯಾ ನೋಡು ಮಗಾ”, “ಕೈ ತೊಳೆದು ಮುಟ್ಟು”, “ಅಂಚು ಕೆಂಪಗಾಯಿತು, ತೆಗಿ”. ನೀತಿಪಾಠದಂತೆ ಭಾಷೆಯನ್ನು ಹೇಳಿಕೊಟ್ಟರೆ ಓಡಿಹೋಗುವ ಮಗು, ಬನ್ನು ಆಗುವ ತನಕ ಎರಡು ಗಂಟೆ ಅಲ್ಲಿಂದ ಕದಲುವುದಿಲ್ಲ.

ಶಾಲೆಯು ಮನೆಮಾತಿಗೆ ಸದಾ ಇಷ್ಟು ಉದಾರವಾಗಿತ್ತೆಂದಲ್ಲ. ಫಿನ್ಲೆಂಡಿನ ಗಡಿಯ ಟೋರ್ನೆ ನದಿಯ ಕಣಿವೆಯಲ್ಲಿ ಮೆಅನ್‌ಕಿಯೆಲಿ ಎಂಬ ಭಾಷೆಯ ಮಕ್ಕಳು ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಶಾಲೆಯ ಅಂಗಳದಲ್ಲಿ ಸಹ ತಮ್ಮ ಮಾತಾಡುವಂತಿರಲಿಲ್ಲ. 2000ದಲ್ಲಿ ಆ ಭಾಷೆಗೂ ಸಾಮಿ, ಫಿನ್ನಿಷ್, ರೊಮಾನಿ, ಯಿಡ್ಡಿಷ್ ಭಾಷೆಗಳಿಗೂ ರಾಷ್ಟ್ರೀಯ ಅಲ್ಪಸಂಖ್ಯಾ ಭಾಷೆಗಳೆಂಬ ಮನ್ನಣೆ ಬಂತು; ಅವುಗಳ ಮಟ್ಟಿಗೆ ಐವರು ಮಕ್ಕಳ ಕಟ್ಟಳೆ ಇಲ್ಲ. ಹಳೆಯ ಅನ್ಯಾಯವನ್ನು ಪರಿಶೀಲಿಸಲು ಸರಕಾರ ನೇಮಿಸಿದ ಆಯೋಗ 2023ರಲ್ಲಿ ವರದಿ ಕೊಟ್ಟಿತು. ಆ ಕಣಿವೆಯ ಬಾರ್ಲಿಯ ಮೆತ್ತನೆ ರೊಟ್ಟಿಗೆ ಇಂದಿಗೂ ರಿಯೆಸ್ಕಾ ಎಂದೇ ಹೆಸರು; ಸಾಮಿಗಳ ಕಾವಲಿರೊಟ್ಟಿ ಗಾಹ್ಕು. ಶಾಲೆಯಲ್ಲಿ ಬಾಯಿ ಮುಚ್ಚಿಸಿದ ಕಾಲದಲ್ಲಿಯೂ ಒಲೆಯ ಮುಂದೆ ಆ ಹೆಸರುಗಳನ್ನು ಸ್ವೀಡಿಷಿಗೆ ತಿರುಗಿಸಿ ಹೇಳಿ ಎಂದು ಯಾರೂ ಬಂದು ನಿಲ್ಲಲಿಲ್ಲ.

ಜನವರಿ 13ಕ್ಕೆ ಕ್ರಿಸ್‌ಮಸ್ ಮುಗಿದಂತೆ. ಮರವನ್ನು ಹೊರಗೆ ಹಾಕುತ್ತಾರೆ, ಕಿಟಕಿಯ ನಕ್ಷತ್ರಗಳು ಅಟ್ಟ ಸೇರುತ್ತವೆ. ಬೇಕರಿಗಳಲ್ಲಿ ಸೆಮ್ಲಾ ಕಾಣಿಸಿಕೊಳ್ಳುತ್ತದೆ: ಏಲಕ್ಕಿಯ ಬನ್ನಿನ ತಲೆ ಕತ್ತರಿಸಿ, ಬಾದಾಮಿಯ ಹೂರಣ ತುಂಬಿ, ಕೆನೆ ಪೇರಿಸಿ, ತಲೆಯನ್ನು ಮತ್ತೆ ಟೊಪ್ಪಿಗೆಯಂತೆ ಇಟ್ಟದ್ದು. ಈಸ್ಟರಿನ ಮುಂಚಿನ ಉಪವಾಸ ಹಿಡಿಯುವ ಮೊದಲ ಮಂಗಳವಾರದ ತಿನಿಸು ಅದು. ಈಗ ಉಪವಾಸ ಮರೆತಿದೆ, ತಿನಿಸು ಮರೆತಿಲ್ಲ. 1771ರ ಫೆಬ್ರವರಿ 12ರಂದು ಅರಸ ಅಡಾಲ್ಫ್ ಫ್ರೆಡ್ರಿಕ್ ತೀರಿಕೊಂಡದ್ದು ಭಾರಿ ಊಟದ ಮೇಲೆ ಬಿಸಿಹಾಲಿನಲ್ಲಿ ಮುಳುಗಿಸಿದ ಇಂಥ ಬನ್ನುಗಳನ್ನು ಹೇರಳವಾಗಿ ತಿಂದುದರಿಂದ ಎಂದು ಜನ ಹೇಳುತ್ತಾರೆ. ಹೇಳುತ್ತಲೇ ಇನ್ನೊಂದಕ್ಕೆ ಕೈ ಹಾಕುತ್ತಾರೆ.

ಮಾರ್ಚ್ 25 ಬಂತೆಂದರೆ ವೋಫೆಲ್ ಎಂಬ ಜಾಲರಿದೋಸೆಯ ದಿನ. ಮೂಲದಲ್ಲಿ ಅದು ಮೇರಿ ಮಾತೆಯ ಹಬ್ಬ, ವೋರ್‌ಫ್ರು ದಿನ. ಜನರ ಬಾಯಲ್ಲಿ ಸವೆದು ವೋಫೆಲ್ ದಿನವಾಯಿತು. ಅಷ್ಟರಲ್ಲಿ ಸ್ಟಾಕ್‌ಹೋಮಿನಲ್ಲಿ ಸೂರ್ಯನು ಬೆಳಿಗ್ಗೆ ಆರಕ್ಕೆ ಮೊದಲೇ ಹುಟ್ಟಿ ಸಂಜೆ ಆರರ ನಂತರ ಮುಳುಗುತ್ತಿರುತ್ತಾನೆ. ಹಗಲು ಮಂಗಳೂರಿನ ಹಗಲನ್ನು ಹಿಂದೆ ಹಾಕಿರುತ್ತದೆ. ಜಾಲರಿಯ ಕಬ್ಬಿಣಕ್ಕೆ ಹಿಟ್ಟು ಹುಯ್ದು, ಒಂದೊಂದಾಗಿ ಎಬ್ಬಿಸಿ, ಬಿಸಿಬಿಸಿಯಾಗಿ ಜಾಮು, ಕೆನೆ ಹಾಕಿ ಕೊಡುತ್ತಾರೆ. ದೋಸೆಯ ಮನೆಗಳಲ್ಲಿ ಆಗುವಂತೆ ಹುಯ್ಯುವವರು ಕೊನೆಗೆ ತಿನ್ನುತ್ತಾರೆ, ನಿಂತುಕೊಂಡೇ, ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು.